ಆರು ಕೆಬಿ ಕಥೆ, ನಾಲ್ಕು ನಿಮಿಷದ ಓದು

ಕನ್ನಡದಲ್ಲಿ ಎಷ್ಟು ಅಕ್ಷರ ಎಂದು ಯಾರನ್ನಾದರೂ ಕೇಳಿ, 49 ಎನ್ನುತ್ತಾರೆ. 13 ಸ್ವರ, 2 ಯೋಗವಾಹ, 34 ವ್ಯಂಜನ. ಲೆಕ್ಕ ಸರಿಯೇ. ಆದರೆ ಒಂದನೇ ತರಗತಿಯಲ್ಲಿ ಕೂತ ಮಗುವಿನ ಲೆಕ್ಕ ಬೇರೆ. ಅದರ ಕಣ್ಣಿಗೆ ‘ಕ’ ಒಂದು ಆಕಾರ, ‘ಕಿ’ ಇನ್ನೊಂದು, ‘ಕೋ’ ಮತ್ತೊಂದು. ಕಾಗುಣಿತದಲ್ಲಿ ಒಂದೊಂದು ವ್ಯಂಜನಕ್ಕೂ ‘ಕ’ದಿಂದ ‘ಕಃ’ವರೆಗೆ 15 ರೂಪ. 34 ವ್ಯಂಜನಕ್ಕೆ 510. ಅಷ್ಟರಲ್ಲಿ ಒತ್ತಕ್ಷರ ಬರುತ್ತದೆ. ಯಾವ ವ್ಯಂಜನಕ್ಕೆ ಯಾವ ಒತ್ತನ್ನಾದರೂ ಕೊಡಬಹುದು ಎಂದುಕೊಂಡರೆ 34ನ್ನು 34ರಿಂದ ಗುಣಿಸಿ 1,156. ಅದಕ್ಕೂ ಕಾಗುಣಿತ ಹಚ್ಚಿದರೆ 17,340.

ಇದು ಕಾಗದದ ಮೇಲಿನ ಗರಿಷ್ಠ ಸಂಖ್ಯೆ, ನಿಜ. ನಾವು ದಿನವೂ ಓದುವ ಬರಹದಲ್ಲಿ ಇದರ ಚಿಕ್ಕದೊಂದು ಪಾಲು ಮಾತ್ರ ಬರುತ್ತದೆ. ‘ಙ’ಕ್ಕೆ ‘ಝ’ ಒತ್ತು ಕೊಟ್ಟ ಪದ ಯಾರ ಬಾಯಲ್ಲೂ ಇಲ್ಲ. ಆದರೂ ಆ ಚಿಕ್ಕ ಪಾಲೇ ನೂರಾರು. ಸಾಲದ್ದಕ್ಕೆ ಅದರಲ್ಲಿ ಚೇಷ್ಟೆಗಳೂ ಇವೆ. ‘ಸೂರ್ಯ’ ಎನ್ನುವಾಗ ನಾಲಿಗೆ ಮೊದಲು ‘ರ್’ ಹೇಳಿ ಆಮೇಲೆ ‘ಯ’ ಹೇಳುತ್ತದೆ. ಬರೆದಾಗ ಕಣ್ಣಿಗೆ ಮೊದಲು ‘ಯ’ ಕಾಣುತ್ತದೆ, ಅರ್ಕಾವತ್ತು ಅದರ ಹಿಂದೆ ಬಂದು ನಿಲ್ಲುತ್ತದೆ. ‘ತ’ಕ್ಕೂ ‘ತ’ ಒತ್ತಿಗೂ ಯಾವ ಹೋಲಿಕೆಯೂ ಇಲ್ಲ. ‘ಮ’, ‘ಯ’, ‘ರ’, ‘ಲ’, ‘ನ’ಗಳದ್ದೂ ಇದೇ ಕಥೆ. ದೊಡ್ಡವರಾದ ನಮಗೆ ಇದೆಲ್ಲ ಮರೆತುಹೋಗಿದೆ. ಕನ್ನಡ ಮಕ್ಕಳ ಓದನ್ನು ವರ್ಷಗಟ್ಟಲೆ ಗಮನಿಸಿದ ಮನೋವಿಜ್ಞಾನಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದನ್ನೇ: ಇಂಗ್ಲಿಷಿನ 26 ಅಕ್ಷರಗಳಂತೆ ಇದು ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಅಕ್ಷರಗಳ ಕಲಿಕೆಯೇ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ.

ಈ ಬೆಟ್ಟವನ್ನು ಇನ್ನೊಂದು ಬದಿಯಿಂದ ಹತ್ತಿದವರು ನಮ್ಮ ಮೇಷ್ಟ್ರುಗಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ‘ಅ ಆ ಇ ಈ’ಯ ಮೆರವಣಿಗೆ ಇಲ್ಲ. ಮೊದಲ ಕಂತು ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಅಷ್ಟರಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಎರಡು ವಾರದ ಹಿಂದೆ ಒಂದಕ್ಷರವೂ ಗೊತ್ತಿಲ್ಲದ ಮಗು ‘ಗರಗಸ’ ಎಂದು ತಾನೇ ಕೂಡಿಸಿ ಓದಿದಾಗ ಅದರ ಮುಖ ನೋಡಬೇಕು. ಐದು ಅಕ್ಷರದಿಂದ ಮೂರಕ್ಷರದ ಜೋಡಣೆ 125 ಆಗುತ್ತದೆ. ಅದರಲ್ಲಿ ಅರ್ಥವುಳ್ಳವು ಬೆರಳೆಣಿಕೆ. ಆ ಬೆರಳೆಣಿಕೆಯೇ ಸಾಕು ಎಂದು ಕಂಡುಕೊಂಡಿದ್ದು ಜಾಣತನ.

ಕಷ್ಟ ಶುರುವಾಗುವುದು ಇದಾದ ಮೇಲೆ. ಗರಗಸ ಓದಿದ ಮಗುವಿಗೆ ಮುಂದೇನು ಓದಲು ಕೊಡುತ್ತೀರಿ? ಪಠ್ಯಪುಸ್ತಕ ವರ್ಷಕ್ಕೊಂದು. ಅದನ್ನು ಜೂನ್‌ನಿಂದ ಮಾರ್ಚ್‌ವರೆಗೆ ಓದಿಸಿ ಓದಿಸಿ ಮಗುವಿಗೆ ಬಾಯಿಪಾಠ ಬಂದಿರುತ್ತದೆ. ಪುಟ ತೆರೆದರೆ ಗಿಳಿಯಂತೆ ಒಪ್ಪಿಸುತ್ತದೆ, ಬೆರಳು ಬೇರೆ ಸಾಲಿನ ಮೇಲೆ ಇರುತ್ತದೆ. ಓದು ಬಂದಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಣದ ಪುಟ ಕೊಡಬೇಕು. ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು.

ಹಾಗಾದರೆ ಒಂದು ಮಗುವಿಗೆ ಎಷ್ಟು ಕಥೆ ಬೇಕು? ಲೆಕ್ಕ ಹಾಕಬಹುದು. ಕೇಂದ್ರ ಸರ್ಕಾರ 2021ರ ಜುಲೈ 5ರಂದು ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯ ಗುರಿ ಪ್ರಕಾರ ಮೂರನೇ ತರಗತಿ ಮುಗಿಸುವ ಮಗು ಅರ್ಥ ಮಾಡಿಕೊಂಡು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು. (ಕನ್ನಡದ 60 ಪದ ಇಂಗ್ಲಿಷಿನ 60 ಪದಕ್ಕಿಂತ ಭಾರ ಎಂಬುದು ನನ್ನ ತಕರಾರು. ‘ಮನೆಯೊಳಗಿನಿಂದಲೇ’ ಎಂಬುದು ನಮ್ಮಲ್ಲಿ ಒಂದೇ ಪದ. ಇರಲಿ.) ಮಕ್ಕಳ ಮೊದಲ ಹಂತದ ಕಥೆ ಹೆಚ್ಚೆಂದರೆ 250 ಪದ. ಅಂದರೆ ಸುಮಾರು ನಾಲ್ಕು ನಿಮಿಷದ ಓದು. ದಿನಕ್ಕೆ ಕಾಲು ಗಂಟೆ ಓದಿದರೆ 900 ಪದ. ವರ್ಷಕ್ಕೆ 200 ದಿನ ಹಿಡಿದರೆ 1,80,000 ಪದ. ಇದನ್ನು 250ರಿಂದ ಭಾಗಿಸಿ: 720.

ಒಂದು ಮಗು, ಒಂದು ವರ್ಷ, ದಿನಕ್ಕೆ ಕಾಲೇ ಗಂಟೆ. ಇಷ್ಟಕ್ಕೆ 720 ಕಥೆ.

ಯಾವ ಶಾಲೆಯ ಬೀರುವಿನಲ್ಲಿ ಮೊದಲ ಹಂತದ 720 ಪುಸ್ತಕ ಇದ್ದಾವು? ಕನ್ನಡದಲ್ಲಿ ಮಕ್ಕಳಿಗಾಗಿ ನಡೆದ ದೊಡ್ಡ ಪ್ರಕಾಶನ ಸಾಹಸಗಳಲ್ಲಿ ಒಂದಾದ, ಎಲ್.ಎಸ್. ಶೇಷಗಿರಿ ರಾವ್ ಸಂಪಾದಕತ್ವದ ‘ಭಾರತ ಭಾರತಿ’ ಮಾಲೆಯಲ್ಲಿ 510 ಕಿರುಪುಸ್ತಕಗಳಿವೆ. (ಕಾಗುಣಿತದ ಸಂಖ್ಯೆಯೂ ಅದೇ ಆಗಿರುವುದು ಕಾಕತಾಳೀಯ.) ಅವೂ ಓದು ಬಂದ ಮಕ್ಕಳಿಗೆ ಬರೆದವು, ಓದು ಕಲಿಯುತ್ತಿರುವವರಿಗಲ್ಲ.

ಅಚ್ಚು ಹಾಕಿಸಿಬಿಡೋಣ ಎಂದರೆ ಅದನ್ನೂ ಲೆಕ್ಕ ಹಾಕಿ ನೋಡಿ. ಕರ್ನಾಟಕದ ಶಾಲೆಗಳಲ್ಲಿರುವ ಮಕ್ಕಳು ಒಂದು ಕೋಟಿಗೂ ಹೆಚ್ಚು. ಒಬ್ಬೊಬ್ಬರಿಗೆ ಒಂದೇ ಒಂದು 24 ಪುಟದ ಪುಸ್ತಕ ಎಂದುಕೊಳ್ಳಿ. 12 ಹಾಳೆ, ದಪ್ಪ ಹೆಚ್ಚುಕಡಿಮೆ 1.2 ಮಿಲಿಮೀಟರ್. ಒಂದು ಕೋಟಿ ಪುಸ್ತಕ ಒಂದರ ಮೇಲೊಂದು ಪೇರಿಸಿದರೆ 12 ಕಿಲೋಮೀಟರ್ ಎತ್ತರ. ಎವರೆಸ್ಟ್ ಶಿಖರ 8,849 ಮೀಟರ್. ಒಂದು ಪುಸ್ತಕ 30 ಗ್ರಾಂ ತೂಗಿದರೂ ಒಟ್ಟು 300 ಟನ್, ಹತ್ತು ಟನ್ನಿನ 30 ಲಾರಿ ಲೋಡು. ಇದು ಒಂದು ಕಥೆಗೆ. ಉಳಿದ 719 ಕಥೆಗಳಿಗೆ ಇನ್ನೂ 21,570 ಲಾರಿ ಬೇಕು.

ಈಗ ಅದೇ ಕಥೆಯನ್ನು ಫೋನಿನಲ್ಲಿ ತೂಗೋಣ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಜಾಗ ಬೇಕು. ‘ಸೂರ್ಯ’ ನಮಗೆ ಎರಡಕ್ಷರ. ಕಂಪ್ಯೂಟರಿಗೆ ಸ, ಕೊಂಬಿನ ದೀರ್ಘ, ರ, ಹಲಂತ, ಯ ಎಂದು ಐದು ಚಿಹ್ನೆ, 15 ಬೈಟ್. ಪದಕ್ಕೆ ಸರಾಸರಿ ಎಂಟು ಚಿಹ್ನೆ ಎಂದರೆ ನಡುವಿನ ಖಾಲಿ ಜಾಗ ಸೇರಿ 25 ಬೈಟ್. 250 ಪದದ ಕಥೆ 6,250 ಬೈಟ್, ಅಂದರೆ ಆರು ಕೆಬಿ ಚಿಲ್ಲರೆ. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸ್ಆ್ಯಪ್‌ಗೆ ಬಂದು ಬೀಳುವ ಗುಲಾಬಿ ಹೂವಿನ ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ಭಾರ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮಾಮೂಲಿ ರೀಚಾರ್ಜಿನಲ್ಲಿ ಇಂಥ ಕಥೆಗಳ ಪಠ್ಯ 2,40,000 ಹಿಡಿಸುತ್ತದೆ. ಮಕ್ಕಳ ಕಥೆಗೆ ಚಿತ್ರ ಬೇಡವೇ ಎಂದರೆ ಬೇಕೇ ಬೇಕು, ಭಾರವೆಲ್ಲ ಚಿತ್ರದ್ದೇ. ಚಿತ್ರ ಸಮೇತ ಒಂದು ಕಥೆಗೆ 5 ಎಂಬಿ ಹಿಡಿದರೂ ದಿನದ ಡೇಟಾದಲ್ಲಿ 300 ಕಥೆ. ಮೂರು ದಿನದ ಡೇಟಾ ನಮ್ಮ ಮಗುವಿನ ಇಡೀ ವರ್ಷದ ಓದನ್ನು ನುಂಗಿಕೊಂಡು ಇನ್ನೂ ಮಿಗುತ್ತದೆ.

ಜಾಗ ಉಂಟು, ಸರಿ. ಸರಕು ಎಲ್ಲಿಂದ ಬರಬೇಕು? ಇಲ್ಲಿ ಬೆಂಗಳೂರಿನ ಹೆಸರು ಹೇಳಲೇಬೇಕು. 2004ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ವಿಶ್ವ ಸಾಕ್ಷರತಾ ದಿನದಂದು, ‘ಸ್ಟೋರಿವೀವರ್’ ಎಂಬ ತಾಣ ತೆರೆಯಿತು. ಆ ದಿನ ಅಲ್ಲಿದ್ದದ್ದು 24 ಭಾಷೆಗಳ 800 ಕಥೆ. ಈಗ ಕಥೆಗಳ ಸಂಖ್ಯೆ 50 ಸಾವಿರ ದಾಟಿದೆ, ಭಾಷೆಗಳು 300ಕ್ಕೂ ಹೆಚ್ಚು. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವುದು 22 ಭಾಷೆ. 2011ರ ಜನಗಣತಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಆಡುವ ಭಾಷೆಗಳೆಂದು ಲೆಕ್ಕಕ್ಕೆ ಬಂದವು 121. ಮಕ್ಕಳ ಕಥೆಗಳ ಒಂದು ತಾಣ ಇವೆರಡನ್ನೂ ಹಿಂದೆ ಹಾಕಿದೆ.

ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ತಂತ್ರಜ್ಞಾನದಲ್ಲಿ ಇಲ್ಲ, ಹಕ್ಕುಪತ್ರದಲ್ಲಿದೆ. ಸಾಮಾನ್ಯವಾಗಿ ಒಂದು ಪುಸ್ತಕದ ಒಳಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದಿರುತ್ತದೆ. ನಮ್ಮ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೂ 60 ವರ್ಷ ಅದು ಹಾಗೇ. ಸ್ಟೋರಿವೀವರ್‌ನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬರುತ್ತವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ, ಆಮೇಲೆ ಓದಿ, ಜೆರಾಕ್ಸ್ ಮಾಡಿ, ಅನುವಾದಿಸಿ, ಕುಗ್ಗಿಸಿ, ಹಿಗ್ಗಿಸಿ, ಅಚ್ಚು ಹಾಕಿ ಮಾರಿಕೊಳ್ಳಿ ಬೇಕಾದರೂ. ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹೀಗಾಗಿಯೇ ಪಶ್ಚಿಮ ಬಂಗಾಳದ ‘ಸೂಚನಾ’ ಎಂಬ ಪುಟ್ಟ ಸಂಸ್ಥೆ ಕೋರಾ ಮತ್ತು ಸಂತಾಲಿ ಭಾಷೆಗಳಲ್ಲಿ ಮಕ್ಕಳ ಪುಸ್ತಕ ಮಾಡಿಕೊಂಡಿತು. ಕೋರಾ ಆಡುವವರು ದೇಶದಲ್ಲೆಲ್ಲ ಅರ್ಧ ಲಕ್ಷದ ಒಳಗೆ. ಅಷ್ಟು ಜನಕ್ಕಾಗಿ ಬಣ್ಣದ ಚಿತ್ರಪುಸ್ತಕ ಹಾಕಲು ಯಾವ ಪ್ರಕಾಶಕರು ಬರುತ್ತಿದ್ದರು? ದಕ್ಷಿಣ ಆಫ್ರಿಕಾದ ‘ಆಫ್ರಿಕನ್ ಸ್ಟೋರಿಬುಕ್’ ಇದೇ ದಾರಿಯಲ್ಲಿ ಅಲ್ಲಿನ ಭಾಷೆಗಳಿಗೆ ಕಥೆ ಒದಗಿಸುತ್ತಿದೆ. ಕಥೆಗಳೂ ಅತ್ತಿಂದಿತ್ತ ಹೋಗಿ ಬರುತ್ತವೆ.

ಐವತ್ತು ಸಾವಿರ ಎಂಬ ಸಂಖ್ಯೆಗೆ ಬೆರಗಾಗುವ ಮೊದಲು ಅದರ ಗಾಳಿಯನ್ನೂ ಸ್ವಲ್ಪ ತೆಗೆಯಬೇಕು. ಒಂದೇ ಕಥೆ ನೂರು ಭಾಷೆಗೆ ಹೋದರೆ ನೂರು ಕಥೆ ಎಂದು ಲೆಕ್ಕ. ಕನ್ನಡದ ಮಗುವಿಗೆ ಕೋರಾ ಕಥೆಯಿಂದ ಉಪಯೋಗವಿಲ್ಲ. ಆದರೂ ಕನ್ನಡದಲ್ಲೇ ಸಾವಿರಕ್ಕೂ ಮೀರಿ ಕಥೆಗಳಿವೆ. ಎಲ್ಲ ಹಂತಗಳದ್ದೂ ಸೇರಿ ದಿನಕ್ಕೊಂದರಂತೆ ಎರಡೂ ಮುಕ್ಕಾಲು ವರ್ಷ ಓದಿದರೂ ಮುಗಿಯದಷ್ಟು, ಅದೂ ಉಚಿತವಾಗಿ.

ಈ ತಾಣದ ಹಂತಗಳ ವಿಷಯದಲ್ಲಿ ನನ್ನದೊಂದು ದೂರಿದೆ. ಮೊದಲ ಹಂತ 250 ಪದದೊಳಗೆ, ಎರಡನೆಯದು 600, ಮೂರನೆಯದು 1,500, ನಾಲ್ಕನೆಯದು ಅದರಾಚೆ. ಪದ ಎಣಿಸುವ ಈ ಅಳತೆ ಇಂಗ್ಲಿಷಿಗೆ ಹೊಂದೀತು. ಕನ್ನಡದ ಮಗು ಎಡವುವುದು ಪದದ ಸಂಖ್ಯೆಯಲ್ಲಿ ಅಲ್ಲ, ಒತ್ತಿನಲ್ಲಿ. ‘ಆನೆ ಬಂತು, ನರಿ ಓಡಿತು, ಮರಿ ಹೆದರಿತು’ ಎಂಬುದು ಆರು ಪದ. ‘ಆಶ್ಚರ್ಯಚಕಿತನಾದ ಸ್ನೇಹಿತ ಪುಸ್ತಕವನ್ನು ಮುಚ್ಚಿ ಪ್ರಶ್ನಿಸಿದ’ ಎಂಬುದು ಐದೇ ಪದ. ಎರಡನ್ನೂ ಏಳು ವರ್ಷದ ಮಗುವಿನ ಕೈಗೆ ಕೊಟ್ಟು ನೋಡಿ, ಯಾವುದು ಮೊದಲ ಹಂತದ್ದು ಎಂದು ಮಗುವೇ ಹೇಳುತ್ತದೆ. ಸ್ವಯಂಸೇವಕರು ಪ್ರೀತಿಯಿಂದ ಮಾಡಿದ ಅನುವಾದಗಳಲ್ಲಿ ಕೆಲವು ಈ ಎರಡನೇ ಜಾತಿಯವು. ಮೊದಲ ಹಂತದ ಪಟ್ಟಿ ಇರುತ್ತದೆ, ಒಳಗೆ ಪಿಯುಸಿ ಕನ್ನಡ ಇರುತ್ತದೆ. ಮೇಷ್ಟ್ರು, ತಾಯಂದಿರು ಒಮ್ಮೆ ತಾವು ಓದಿ ಆರಿಸಿಕೊಡುವುದು ಒಳ್ಳೆಯದು.

ಸ್ಟೋರಿವೀವರ್ ಜೊತೆಗೇ ಹೇಳಬೇಕಾದ ಇನ್ನೊಂದು ಐಡಿಯಾ ಇದೆ. 1996ರಲ್ಲಿ ಬ್ರಿಜ್ ಕೊಠಾರಿ ಎಂಬವರಿಗೆ ಸ್ಪ್ಯಾನಿಷ್ ಸಿನಿಮಾ ನೋಡುತ್ತಾ ಹೊಳೆದದ್ದು: ಟಿವಿಯಲ್ಲಿ ಬರುವ ಚಿತ್ರಗೀತೆಯ ಕೆಳಗೆ ಅದೇ ಭಾಷೆಯ ಸಾಲುಗಳನ್ನು ಹಾಕಿ, ಹಾಡಿದಂತೆಲ್ಲ ಪದದ ಬಣ್ಣ ಬದಲಾಯಿಸಿದರೆ ಜನ ತಮಗೆ ಗೊತ್ತಿಲ್ಲದೆಯೇ ಓದುತ್ತಾರಲ್ಲ? ಮಕ್ಕಳಿಗಾಗಿ ಅದೇ ಉಪಾಯದ ‘ಬುಕ್‌ಬಾಕ್ಸ್’ ಕಥೆಗಳು ಯೂಟ್ಯೂಬಿನಲ್ಲಿ ಕನ್ನಡದಲ್ಲೂ ಸಿಗುತ್ತವೆ. ಸ್ಟೋರಿವೀವರ್‌ನಲ್ಲೂ ಕೆಲವು ಕಥೆಗಳಿಗೆ ಧ್ವನಿ ಇದೆ, ಓದಿದಂತೆ ಪದ ಬೆಳಗುತ್ತದೆ. ಅಕ್ಷರ ಬರದ ಅಜ್ಜಿಯೂ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಓದಿಸ’ಬಹುದು. ನನಗೆ ಇದರಲ್ಲಿ ಬಹಳ ನಂಬಿಕೆ.

ಬೆರಗಿನ ಸಂಖ್ಯೆಗಳು ಇಲ್ಲಿಗೆ ಮುಗಿಯುತ್ತವೆ, ಇನ್ನು ಬರುವವು ಬೇರೆ ಥರದವು. 2024ರ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಮುಂದೆ ಎರಡನೇ ತರಗತಿ ಮಟ್ಟದ ಒಂದು ಚಿಕ್ಕ ಕಥೆ ಹಿಡಿಯಿತು. ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಅದನ್ನು ಓದಿದವರು 23.4%. ಎರಡು ವರ್ಷದ ಹಿಂದೆ 16.3% ಇತ್ತು, ಹಾಗಾಗಿ ಇದು ಏರಿಕೆಯೇ. ಆದರೂ ನೂರಕ್ಕೆ 77 ಮಕ್ಕಳಿಗೆ ಹಿಂದಿನ ತರಗತಿಯ ಕಥೆ ಓದಲು ಬರುತ್ತಿಲ್ಲ. ಐದನೇ ತರಗತಿಗೆ ಬಂದರೂ ಓದುವವರು 44.8%. ಅದೇ ಸಮೀಕ್ಷೆ 14ರಿಂದ 16 ವರ್ಷದವರನ್ನು ಫೋನಿನ ಬಗ್ಗೆಯೂ ಕೇಳಿತು. ಸುಮಾರು 90% ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸಲು ಬಲ್ಲವರ ಪೈಕಿ ಹಿಂದಿನ ವಾರ ಓದು-ಕಲಿಕೆಗೆ ಬಳಸಿದವರು 57%, ಸಾಮಾಜಿಕ ಜಾಲತಾಣಕ್ಕೆ 76%.

ಕಥೆ ಇದೆ, ಫೋನಿದೆ, ಡೇಟಾ ಇದೆ. ಓದು ಇಲ್ಲ. ಏಕೆಂದರೆ ಹತ್ತರಲ್ಲಿ ಒಂಬತ್ತು ಮನೆಯಲ್ಲಿ ಫೋನಿದೆ ಎಂಬ ಲೆಕ್ಕ ಆ ಫೋನು ಯಾರ ಜೇಬಿನಲ್ಲಿದೆ ಎಂದು ಹೇಳುವುದಿಲ್ಲ. ಅಪ್ಪ ಬೆಳಿಗ್ಗೆ ಎಂಟಕ್ಕೆ ಜೇಬಿಗೆ ಹಾಕಿಕೊಂಡು ಹೋದರೆ ರಾತ್ರಿ ಎಂಟಕ್ಕೆ ಬರುವುದು. ಬಂದ ಮೇಲೆ ಅದಕ್ಕೆ ಚಾರ್ಜ್ ಆಗಬೇಕು, ಅಣ್ಣನ ಆಟ ಆಗಬೇಕು, ಅಮ್ಮ ತವರಿಗೆ ಮಾತಾಡಬೇಕು. ಮೂರನೇ ತರಗತಿಯ ತಂಗಿಯ ಸರದಿ ಬರುವ ಹೊತ್ತಿಗೆ ಅವಳಿಗೆ ನಿದ್ದೆ.

ಸರದಿ ಬಂದರೂ ಪರದೆಯೊಂದೇ ಸಾಲದು. ನಾರ್ವೆಯ ಸ್ಟವಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ 39 ಅಧ್ಯಯನಗಳನ್ನು, ಅವುಗಳಲ್ಲಿನ 1,812 ಪುಟ್ಟ ಮಕ್ಕಳ ಓದನ್ನು ಒಟ್ಟಿಗೆ ಇಟ್ಟು ನೋಡಿದರು. ಅದೇ ಪುಸ್ತಕವನ್ನು ಸುಮ್ಮನೆ ಪರದೆಗೆ ಏರಿಸಿದಾಗ ಕಾಗದದಲ್ಲಿ ಓದಿದವರಿಗೇ ಕಥೆ ಚೆನ್ನಾಗಿ ಅರ್ಥವಾಗಿತ್ತು. ಕಥೆಗೆ ಸಂಬಂಧಿಸಿದ ಉಪಾಯಗಳನ್ನು ಯೋಚಿಸಿ ಸೇರಿಸಿದಾಗ ಪರದೆಯೂ ಗೆದ್ದದ್ದುಂಟು. ಮಗು ಒಂಟಿಯಾಗಿ ಮಾಡಿದ ಪರದೆಯ ಓದಿಗಿಂತ ದೊಡ್ಡವರು ಜೊತೆಗೆ ಕೂತು ಕಾಗದದ ಪುಸ್ತಕ ಓದಿಸಿದಾಗ ಮಗುವಿಗೆ ಹೆಚ್ಚು ದಕ್ಕಿತ್ತು. ಕೂತವರು ‘ನರಿ ಯಾಕೆ ಓಡಿತು?’ ಎಂದು ಒಂದು ಮಾತು ಕೇಳುತ್ತಾರೆ, ಬೆರಳಿಟ್ಟು ತೋರಿಸುತ್ತಾರೆ. ಆ ಕೆಲಸವನ್ನು 50 ಸಾವಿರ ಕಥೆ ಸೇರಿದರೂ ಮಾಡಲಾರವು.

ಮುಕ್ತ ಪರವಾನಗಿಯ ದೊಡ್ಡ ಲಾಭ ಇಲ್ಲೇ ಇದೆ ಎಂಬುದು ನನ್ನ ಎಣಿಕೆ. ಪರದೆಯಲ್ಲೇ ಓದಿಸಬೇಕೆಂದಿಲ್ಲ. ಇಳಿಸಿಕೊಳ್ಳಬಹುದು, ಇಂಟರ್ನೆಟ್ ಇಲ್ಲದ ಕಡೆಗೆ ಒಯ್ಯಬಹುದು, ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿ ಪಿನ್ ಹೊಡೆಯಬಹುದು, ಹಲಗೆಯ ಮೇಲೆ ಬರೆಯಬಹುದು. ಮಹಾರಾಷ್ಟ್ರ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಗೋಷ್ಟೀಂಚಾ ಶನಿವಾರ’ ಎಂದು ಶನಿವಾರಕ್ಕೊಂದು ಕಥೆಯನ್ನು ವಾಟ್ಸ್ಆ್ಯಪ್‌ನಲ್ಲಿ ಮನೆಮನೆಗೆ ಕಳಿಸಿತು. ಕಥೆಗಳು ಬಂದದ್ದು ಇದೇ ಬೆಂಗಳೂರಿನ ಭಂಡಾರದಿಂದ. ನಮ್ಮಲ್ಲಿ ಅದೇ ವರ್ಷ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಇಂಥ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. ಒಂದೊಂದರಲ್ಲೂ ಒಂದು ಪ್ರಿಂಟರ್, ತಿಂಗಳಿಗೆ ಹತ್ತು ಕಥೆಯ ಜೆರಾಕ್ಸ್ ಆದರೂ ಆಗುವಂತಾದರೆ 30 ಲಾರಿಯ ಕೆಲಸ ಒಂದು ಮೇಜಿನ ಮೇಲೆ ಆಗುತ್ತದೆ.

ಉಳಿದಿರುವುದು ನಮ್ಮ ಪಾಲಿನ ಕೆಲಸ. ಕರ್ನಾಟಕದ ಎಷ್ಟೋ ಮಕ್ಕಳಿಗೆ ಮನೆಮಾತು ಕನ್ನಡವಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲೆಲ್ಲ ತುಳು ಆಡುವವರು 18,46,427, ಕೊಡವ ತಕ್ಕ್ ಆಡುವವರು 1,13,857. ಲಂಬಾಣಿ ತಾಂಡಾಗಳ ಮಕ್ಕಳು, ಬ್ಯಾರಿ ಮನೆಗಳ ಮಕ್ಕಳು ಬೇರೆ. ಅರ್ಧ ಲಕ್ಷ ಜನರ ಕೋರಾ ಭಾಷೆಗೆ ಆದದ್ದು ಹದಿನೆಂಟು ಲಕ್ಷ ಜನರ ತುಳುವಿಗೆ ಆಗದೇ? ಚಿತ್ರ ಸಿದ್ಧವಿದೆ, ಪುಟ ಸಿದ್ಧವಿದೆ, ಅನುವಾದದ ಪೆಟ್ಟಿಗೆ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ಹಂತದ ಕಥೆ 250 ಪದ ಮೀರುವುದಿಲ್ಲ, ಹೆಚ್ಚೆಂದರೆ ಒಂದು ಸಂಜೆಯ ಕೆಲಸ. ನಿಮ್ಮ ಮನೆಮಾತು ಯಾವುದೋ ಅದರಲ್ಲಿ ಒಂದು ಕಥೆ ಮಾಡಿ. ಕನ್ನಡದ್ದಾದರೆ ಒತ್ತಕ್ಷರ ಕಡಿಮೆ ಇರಲಿ. ಪ್ರಕಟಿಸುವ ಗುಂಡಿ ಒತ್ತುವ ಮೊದಲು ಪಕ್ಕದ ಮನೆಯ ಎರಡನೇ ತರಗತಿ ಮಗುವನ್ನು ಕರೆದು ಒಮ್ಮೆ ಗಟ್ಟಿಯಾಗಿ ಓದಿಸಿ; ಅದು ತಡವರಿಸಿದ ಪದಗಳನ್ನೆಲ್ಲ ಬದಲಾಯಿಸಿ.